ಸಂಪ್ರದಾಯನಿಷ್ಠ ಆಂಗ್ಲಿಕನ್ (ಇಂಗ್ಲೆಂಡ್ ಚರ್ಚ್ ಪರಂಪರೆಯ) ಸಭೆಗಳು ಒಂದಾಗಲು ಯಾವ ನಂಬಿಕೆಗಳಲ್ಲಿ ಒಮ್ಮತ ಬೇಕೇ ಬೇಕು?

ಕನಿಷ್ಠ ಪಟ್ಟಿ ಹಳೆಯದೇ. 1886ರಲ್ಲಿ ಷಿಕಾಗೋದಲ್ಲಿ ಅಮೆರಿಕದ ಬಿಷಪ್‌ಗಳು ಮುಂದಿಟ್ಟು, 1888ರಲ್ಲಿ ಲ್ಯಾಂಬೆತ್ ಸಮ್ಮೇಳನ (ಜಗತ್ತಿನ ಆಂಗ್ಲಿಕನ್ ಬಿಷಪ್‌ಗಳ ಸಭೆ) ತಿದ್ದಿ ಒಪ್ಪಿದ ನಾಲ್ಕು ಅಂಶ: ರಕ್ಷಣೆಗೆ ಬೇಕಾದ್ದೆಲ್ಲ ಇರುವ ಸತ್ಯವೇದ; ಅಪೊಸ್ತಲರ ಮತ್ತು ನೈಸಿಯದ ವಿಶ್ವಾಸ ಪ್ರಮಾಣಗಳು; ದೀಕ್ಷಾಸ್ನಾನ, ಕರ್ತನ ಭೋಜನ; ಆಯಾ ನಾಡಿಗೆ ಹೊಂದಿಸಿಕೊಂಡ, ಬಿಷಪ್‌ನಿಂದ ಬಿಷಪ್‌ಗೆ ಸಾಗಿಬಂದ ಬಿಷಪ್ ಪದವಿ.

ಮೊದಲ ಎರಡರಲ್ಲಿ ಜಗಳವಿಲ್ಲ ಅನ್ನಬಹುದು. ತಕರಾರು ಹೆಚ್ಚಾಗಿ ನಾಲ್ಕನೆಯದರಲ್ಲಿ: ತಲೆಯ ಮೇಲೆ ಕೈಯಿಟ್ಟು ಬಿಷಪ್ ಕೊಡುವ ದೀಕ್ಷೆಯನ್ನು ಪಡೆಯದ ಪಾದ್ರಿ ನಡೆಸಿದ ಕರ್ತನ ಭೋಜನ ಸಿಂಧುವೇ? ಆಂಗ್ಲಿಕನ್ನರೂ ಇತರ ಪ್ರೊಟೆಸ್ಟೆಂಟ್ ಸಭೆಗಳೂ ಸೇರಿ ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) 1947ರಲ್ಲಿ ರೂಪುಗೊಂಡಾಗ ಇದೇ ಪ್ರಶ್ನೆ ಎದ್ದಿತು. ಮುಂದಿನ ದೀಕ್ಷೆಗಳೆಲ್ಲ ಬಿಷಪ್‌ಗಳಿಂದಲೇ ಎಂದಾಯಿತು. ಆದರೆ ಆಗಲೇ ಸೇವೆಯಲ್ಲಿದ್ದ ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪಾದ್ರಿಗಳಿಗೆ ಮರುದೀಕ್ಷೆ ಕೇಳಲಿಲ್ಲ. ಆಂಗ್ಲಿಕನ್ನರಲ್ಲೇ ಕ್ಯಾಥೊಲಿಕ್ ಸಂಪ್ರದಾಯಕ್ಕೆ ಒತ್ತು ಕೊಡುವ ಆಂಗ್ಲೋ-ಕ್ಯಾಥೊಲಿಕರು ಸಿಡಿದೆದ್ದದ್ದು ಅದಕ್ಕೇ.

ಇವತ್ತು ‘ಸಂಪ್ರದಾಯನಿಷ್ಠ’ ಎಂಬ ಹಣೆಪಟ್ಟಿಯಡಿ ಎರಡು ಬಗೆಯವರಿದ್ದಾರೆ. 1977ರ ಸೇಂಟ್ ಲೂಯಿಸ್ ಘೋಷಣೆಯವರು (ಸ್ತ್ರೀದೀಕ್ಷೆ ಒಪ್ಪದೆ ಉತ್ತರ ಅಮೆರಿಕದ ಆಂಗ್ಲಿಕನ್ ಸಭೆಗಳಿಂದ ಹೊರಬಂದವರು) ಏಳು ಸಂಸ್ಕಾರಗಳನ್ನೂ ಪ್ರಾಚೀನ ಕ್ರೈಸ್ತ ಸಭೆಯ ಏಳು ಮಹಾಸಭೆಗಳ ಬೋಧನೆಯನ್ನೂ ಒಪ್ಪುತ್ತಾರೆ. ಗುರುದೀಕ್ಷೆ ಪುರುಷರಿಗೆ ಮಾತ್ರ. ಗ್ಯಾಫ್ಕಾನ್ ಎಂಬ ಸಂಪ್ರದಾಯವಾದಿ ಆಂಗ್ಲಿಕನ್ ಕೂಟ ಹೊರಡಿಸಿದ 2008ರ ಜೆರುಸಲೇಮ್ ಘೋಷಣೆಯವರು ಇಂಗ್ಲೆಂಡ್ ಚರ್ಚ್‌ನ ಹಳೆಯ ಸಿದ್ಧಾಂತಪಟ್ಟಿಯಾದ 39 ವಿಧಿಗಳನ್ನೂ 1662ರ ಪ್ರಾರ್ಥನಾ ಪುಸ್ತಕವನ್ನೂ ಹಿಡಿಯುತ್ತಾರೆ; ಸ್ತ್ರೀದೀಕ್ಷೆಯ ಬಗ್ಗೆ ಆ ಘೋಷಣೆ ಏನೂ ಹೇಳುವುದಿಲ್ಲ. ಆ 39ರಲ್ಲಿ 25ನೇ ವಿಧಿ ಸುವಾರ್ತೆಯ ಸಂಸ್ಕಾರ ಎಂದು ಎಣಿಸುವುದು ಏಳನ್ನಲ್ಲ, ಎರಡನ್ನೇ. ಈ ಎರಡು ಘೋಷಣೆಗಳನ್ನೂ ಒಂದೇ ಕಾಗದದ ಮೇಲೆ ಬರೆದು ಸಹಿ ಹಾಕಿಸಿದರೆ ಒಪ್ಪಂದ ಮೊದಲ ದೀಕ್ಷಾ ಆರಾಧನೆಯವರೆಗೂ ಬಾಳುವುದು ಅನುಮಾನ.

2017ರಲ್ಲಿ ಅಟ್ಲಾಂಟಾದಲ್ಲಿ ನಾಲ್ಕು ಸಭೆಗಳು ಪೂರ್ಣ ಅನ್ಯೋನ್ಯತೆಗೆ (ಪರಸ್ಪರರ ಪಾದ್ರಿಗಳನ್ನೂ ಸಂಸ್ಕಾರಗಳನ್ನೂ ಒಪ್ಪುವ ಸಂಬಂಧಕ್ಕೆ) ಬಂದವು. ನಾಲ್ಕೂ ಸೇಂಟ್ ಲೂಯಿಸ್ ಪರಂಪರೆಯವೇ. ಹಾಗಾಗಿ ಮಾತುಕತೆಯಲ್ಲಿ ಮೊದಲು ಕೇಳಬೇಕಾದ್ದು: ನಿಮ್ಮ ಬಿಷಪ್‌ಗೆ ದೀಕ್ಷೆ ಕೊಟ್ಟವರು ಯಾರು, ನಿಮ್ಮಲ್ಲಿ ಯಾರಿಗೆ ದೀಕ್ಷೆ ಕೊಡುತ್ತೀರಿ. ಧೂಪ, ನಿಲುವಂಗಿಗಳ ಚರ್ಚೆ ಆಮೇಲೆ ಇಟ್ಟುಕೊಳ್ಳಬಹುದು.