ಪ್ರತಿಕ್ರಿಯೆ: ಟರ್ಮಿನಲ್‌ನಲ್ಲಿ ಕಾಣದ ಬಿಟ್‌ಮ್ಯಾಪ್ ಫಾಂಟ್

ಮಂಜೇಶ್ವರದವರೇ, ನಮಸ್ಕಾರ. ನೀವೇ ಬರೆದ 16 ಪಿಕ್ಸೆಲ್‌ನ ಬಿಡಿಎಫ್ ಫಾಂಟ್ (ಅಕ್ಷರವನ್ನು ಚುಕ್ಕಿಗಳಲ್ಲಿ ಬಿಡಿಸಿದ ಬಿಟ್‌ಮ್ಯಾಪ್ ಫಾಂಟಿನ ಒಂದು ಫೈಲ್ ಬಗೆ) ಎಕ್ಸ್‌ಟರ್ಮ್ ಎಂಬ ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ಬರುತ್ತದೆ, ಉಬುಂಟುವಿನ ಗ್ನೋಮ್ ಟರ್ಮಿನಲ್‌ನ ಫಾಂಟ್ ಪಟ್ಟಿಯಲ್ಲಿ ಮಾತ್ರ ಇಲ್ಲ ಅಂತ ಕೇಳಿದ್ದೀರಿ. ನಿಮ್ಮ ಫಾಂಟ್‌ನಲ್ಲಿ ತಪ್ಪಿಲ್ಲ. ಗ್ನೋಮ್ ಟರ್ಮಿನಲ್ ಅಕ್ಷರ ಬಿಡಿಸಲು ಪ್ಯಾಂಗೋ ಲೈಬ್ರರಿ ಬಳಸುತ್ತದೆ. 2019ರಲ್ಲಿ ಬಂದ ಪ್ಯಾಂಗೋ 1.44 ಫಾಂಟ್ ಓದಲು ಹಾರ್ಫ್‌ಬಜ್ ಎಂಬ ಲೈಬ್ರರಿಯ ಕಡೆಗೆ ತಿರುಗಿತು, ಬಿಡಿಎಫ್ ಮತ್ತು ಅದೇ ಜಾತಿಯ ಪಿಸಿಎಫ್ ಎರಡನ್ನೂ ಕೈಬಿಟ್ಟಿತು.

ಬದಿಯಡ್ಕದ ನಮ್ಮ ಅಂಗಡಿಯ ಹಳೆ ಕಂಪ್ಯೂಟರಿನಲ್ಲಿ ನನಗೂ ಹೀಗೇ ಆಗಿತ್ತು. ಫಾಂಟನ್ನು ಪ್ಯಾಂಗೋ ಒಪ್ಪುವ ಒಟಿಬಿ (ಓಪನ್‌ಟೈಪ್ ಬಿಟ್‌ಮ್ಯಾಪ್) ಬಗೆಗೆ ಬದಲಿಸಿದರೆ ಸಾಕು. ಫಾಂಟ್ ತಿದ್ದುವ ತಂತ್ರಾಂಶ ಫಾಂಟ್‌ಫೋರ್ಜ್‌ನಲ್ಲಿ ಬಿಡಿಎಫ್ ತೆರೆಯಿರಿ. ಫಾಂಟ್ ಜನರೇಟ್ ಮಾಡುವಾಗ ಔಟ್‌ಲೈನ್ ಬೇಡ ಅನ್ನಿ, ಬಿಟ್‌ಮ್ಯಾಪ್ ಜಾಗದಲ್ಲಿ ಒಟಿಬಿ ಆರಿಸಿ. ಆ ಫೈಲನ್ನು ನಿಮ್ಮ ಹೋಮ್‌ನ ಫಾಂಟ್ಸ್ ಫೋಲ್ಡರಿಗೆ ಹಾಕಿ, ಫಾಂಟ್ ಪಟ್ಟಿಯನ್ನು ಹೊಸದು ಮಾಡುವ ಎಫ್‌ಸಿ-ಕ್ಯಾಶ್ ಕಮಾಂಡ್ ಓಡಿಸಿ.

ಇಷ್ಟಾದರೂ ಕಾಣದಿದ್ದರೆ ಗಾಬರಿಯಾಗಬೇಡಿ. ಯಾವ ಫಾಂಟ್ ಕಾಣಬೇಕು ಅಂತ ನಿರ್ಧರಿಸುವ ಫಾಂಟ್‌ಕಾನ್ಫಿಗ್ ಬಿಟ್‌ಮ್ಯಾಪ್ ಫಾಂಟ್‌ಗಳನ್ನು ತಡೆದಿರಬಹುದು. ಅದರ ಕಾನ್ಫ್.ಡಿ ಫೋಲ್ಡರಿನಲ್ಲಿ ‘70-ನೋ-ಬಿಟ್‌ಮ್ಯಾಪ್ಸ್’ ಅಂತ ಶುರುವಾಗುವ ಕೊಂಡಿ (ಬೇರೆ ಫೈಲನ್ನು ತೋರಿಸುವ ಲಿಂಕ್) ಇದ್ದರೆ ತೆಗೆದು, ಮತ್ತೆ ಎಫ್‌ಸಿ-ಕ್ಯಾಶ್ ಕೊಡಿ. ನಾನು ಎರಡು ರಾತ್ರಿ ತಲೆ ಕೆಡಿಸಿಕೊಂಡದ್ದು ಈ ಒಂದು ಕೊಂಡಿಗೆ.

ಟರ್ಮಿನಲ್‌ನಲ್ಲಿ ಫಾಂಟಿನ ಅಳತೆ ಇಡುವಾಗ ಜಾಗ್ರತೆ. 96 ಡಿಪಿಐ (ಇಂಚಿಗೆ 96 ಚುಕ್ಕಿ) ಪರದೆಯಲ್ಲಿ 16 ಪಿಕ್ಸೆಲ್ ಅಂದರೆ ಸರಿಯಾಗಿ 12 ಪಾಯಿಂಟ್. 13 ಇಟ್ಟರೆ ಆ ಚೂಪು ಅಂಚಿನ ಸೊಗಸು ಉಳಿಯುವುದಿಲ್ಲ.

ಮುಂದೆ ಕನ್ನಡ ಅಕ್ಷರಗಳನ್ನೂ ಸೇರಿಸುವ ಆಸೆ ಇದೆ ಅಂದಿರಿ. ಓದಿ ತುಂಬಾ ಖುಷಿಯಾಯಿತು. ಆದರೆ ಟರ್ಮಿನಲ್ ಪ್ರತಿ ಅಕ್ಷರವನ್ನೂ ಒಂದೇ ಅಗಲದ ಚೌಕದಲ್ಲಿ ಕೂರಿಸುತ್ತದೆ. ‘ಕ್ಷೇತ್ರ’ ಬರೆದು ನೋಡಿ, ಒತ್ತಕ್ಷರ ಎಲ್ಲೆಲ್ಲೋ ಹೋಗಿ ನಿಲ್ಲಬಹುದು. ಮೊದಲು ಇಂಗ್ಲಿಷ್ ಅಕ್ಷರ, ಅಂಕಿ ಸರಿಮಾಡಿಕೊಳ್ಳಿ. ಒಟಿಬಿ ಮಾಡುವಲ್ಲಿ ಸಿಕ್ಕಿಬಿದ್ದರೆ ಬಂದ ಎರರ್ ಇಲ್ಲೇ ಹಾಕಿ, ಒಟ್ಟಿಗೆ ನೋಡೋಣ.