ಅಟ್ಟದಿಂದ ಇಳಿಸಿದ ಹಳೆಯ ಬೇಸ್ ಗಿಟಾರ್: ಪಾಲಿಶ್ ಮಾಡಿಸಬೇಕೋ ಬೇಡವೋ?

ನಿಮ್ಮ ಪ್ರಶ್ನೆ ಇಷ್ಟು: ಬೆಳಗಾವಿ ಕ್ಯಾಂಪಿನ ಆರ್ಕೆಸ್ಟ್ರಾದಲ್ಲಿ ಕಾಕಾ ಬಾರಿಸುತ್ತಿದ್ದ ನಾಲ್ಕು ತಂತಿಯ ಬೇಸ್, ವಿಜಯಪುರದ ಮನೆಯ ಅಟ್ಟದಲ್ಲಿ ಮೂವತ್ತು ವರ್ಷ ಬಿದ್ದಿತ್ತು. ತಲೆಯ ಮೇಲಿನ ಹೆಸರು ಅಳಿಸಿದೆ, ತಂತಿಗೆ ತುಕ್ಕು ಹಿಡಿದಿದೆ, ಆಂಪ್ಲಿಫೈಯರ್‌ಗೆ ಸಿಕ್ಕಿಸಿದರೆ ಬರೀ ಗುಂಯ್ ಅನ್ನುತ್ತದೆ. ಓಣಿಯ ಬಡಿಗೇರರು ಉಜ್ಜಿ ಪಾಲಿಶ್ ಹೊಡೆದು ಕೊಡುತ್ತೇನೆ ಅಂದಿದ್ದಾರೆ, ಕೊಡಲೇ?

ಕೊಡಬ್ಯಾಡ್ರಿ. ಮೆಲಮೈನ್ ಪಾಲಿಶ್ ಹೊಡೆಯುವ ಮೊದಲು ಹಳೆಯ ಬಣ್ಣವನ್ನು ಪಾಲಿಶ್ ಪೇಪರಿನಿಂದ ಕೆರೆದು ತೆಗೆಯುತ್ತಾರೆ. ಇದೇನಾದರೂ 1950–60ರ ದಶಕದ ಅಮೆರಿಕದ ಫೆಂಡರ್ ಕಂಪನಿಯ ಅಸಲಿ ಬೇಸ್ ಆಗಿದ್ದರೆ, ಮೂಲ ಬಣ್ಣ ಹೋದ ದಿನವೇ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಬೀಳುತ್ತದೆ. ಅಸಲಿ ಅಲ್ಲದಿದ್ದರೂ ನಷ್ಟ ತಪ್ಪಿದ್ದಲ್ಲ. ನೆಕ್ (ಗಿಟಾರಿನ ಉದ್ದನೆಯ ಕುತ್ತಿಗೆ) ಕೂರುವ ಗೂಡಿನೊಳಗೆ ಅರ್ಧ ಮಿ.ಮೀ. ಪಾಲಿಶ್ ಏರುಪೇರಾಗಿ ಕೂತರೆ ಸಾಕು, ನೆಕ್‌ನ ಕೋನವೇ ಬದಲಾಗಿ ತಂತಿ ಎತ್ತರಕ್ಕೆ ನಿಲ್ಲುತ್ತದೆ. ಹಳೆಯ ವಾದ್ಯವನ್ನು ಮೊದಲು ನುಡಿಯುವಂತೆ ಮಾಡಬೇಕು. ಚೆಂದದ ಮಾತು ಆಮೇಲೆ, ಅದೂ ಒದ್ದೆ ಬಟ್ಟೆಯ ಮಟ್ಟಕ್ಕೆ ಮಾತ್ರ.

ಮೊದಲು ಅದು ಏನು ಎಂದು ತಿಳಿದುಕೊಳ್ಳಿ. ನಟ್‌ನಿಂದ, ಅಂದರೆ ತಲೆಯ ಬುಡದಲ್ಲಿ ತಂತಿ ಕೂರುವ ಪಟ್ಟಿಯಿಂದ, 12ನೇ ಫ್ರೆಟ್‌ವರೆಗೆ, ಅಂದರೆ ನೆಕ್ ಮೇಲಿನ 12ನೇ ಅಡ್ಡ ಲೋಹದ ಕಂಬಿಯವರೆಗೆ, ಅಳೆಯಿರಿ. 432 ಮಿ.ಮೀ. ಬಂದರೆ 34 ಇಂಚಿನ ಉದ್ದ ಅಳತೆ. ಫೆಂಡರ್ ಪ್ರಿಸಿಷನ್ (1951) ಮತ್ತು ಜಾಝ್ ಬೇಸ್ (1960), ಅವುಗಳ ಹೆಚ್ಚಿನ ನಕಲುಗಳೂ ಇದೇ. 381 ಮಿ.ಮೀ. ಬಂದರೆ 30 ಇಂಚಿನದು, ಹಾಫ್ನರ್ ಪಿಟೀಲು ಆಕಾರದ ಬೇಸಿನಂತೆ. ತಂತಿ ಕೊಳ್ಳುವಾಗ ಈ ಅಳತೆಯೇ ಮುಖ್ಯ. ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿ ನೆಕ್ ತೆಗೆದರೆ ಅದರ ಬುಡದಲ್ಲಿ ಪೆನ್ಸಿಲ್ ಬರಹ ಅಥವಾ ಮೊಹರು ಇರಬಹುದು. ವಾಲ್ಯೂಮ್ ಪಾಟ್‌ನ, ಅಂದರೆ ಸದ್ದು ಏರಿಳಿಸುವ ಗುಂಡಿಯ ಕೆಳಗಿನ ಬಿಡಿಭಾಗದ, ಬೆನ್ನಿನ ಅಂಕಿಯನ್ನೂ ಓದಿ. 137 6612 ಎಂದಿದ್ದರೆ 137 ಎನ್ನುವುದು ಸಿಟಿಎಸ್ ಕಂಪನಿ, ಉಳಿದದ್ದು 1966ರ 12ನೇ ವಾರ. ಅದು ಪಾಟ್ ತಯಾರಾದ ವಾರ. ಪಾಟ್ ಮೂಲದ್ದೇ ಆಗಿದ್ದರೆ ಗಿಟಾರ್ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಹೆಬ್ಬೆರಳು ಅಥವಾ ಬೆರಳು ಊರುವ ಕಟ್ಟಿಗೆಯ ತುಂಡು ತೆಳು ತಂತಿಯ ಕಡೆ ಇದೆಯೋ, ದಪ್ಪ ತಂತಿಯ ಕಡೆಯೋ ನೋಡಿ. ಫೆಂಡರ್ ಅದನ್ನು 1974ರಲ್ಲಿ ದಪ್ಪ ತಂತಿಯ ಕಡೆಗೆ ಸರಿಸಿತು. ತುಂಡು ಬಿದ್ದುಹೋಗಿದ್ದರೂ ಸ್ಕ್ರೂ ತೂತುಗಳು ಸಾಕ್ಷಿ ಹೇಳುತ್ತವೆ. ಒಳಗೆ ಪ್ಲೈವುಡ್ ಪದರ ಕಂಡು, ಸ್ಕ್ರೂಗಳು ಮಿ.ಮೀ. ಅಳತೆಯವಾಗಿದ್ದರೆ 70ರ ದಶಕದ ಜಪಾನಿನದು ಇರಬಹುದು, ಕೋಲ್ಕತ್ತಾದ ಗಿವ್ಸನ್ ಕಂಪನಿಯ ತರಹದ್ದೂ ಇರಬಹುದು. ನಿರಾಶೆ ಬೇಡ. ಜಪಾನಿನ ಆ ಕಾಲದ ಎಷ್ಟೋ ಬೇಸ್‌ಗಳು ಇವತ್ತಿನ ಅಗ್ಗದ ಹೊಸ ಬೇಸ್‌ಗಳಿಗಿಂತ ಚೆನ್ನಾಗಿ ನುಡಿಯುತ್ತವೆ.

ಇನ್ನು ನೆಕ್. ನಿಮ್ಮ ಬೇಸಿನ ನಿಜವಾದ ಕಾಯಿಲೆ ಇಲ್ಲಿರುತ್ತದೆ, ಮೂಲ ಕಾರಣ ಹವೆ. ಬೆಳಗಾವಿಯ ಜುಲೈ–ಆಗಸ್ಟ್ ಮಳೆಯಲ್ಲಿ ಉಬ್ಬುತ್ತಿದ್ದ ಮರ ವಿಜಯಪುರದ ಏಪ್ರಿಲ್–ಮೇ ಬಿಸಿಲಿಗೆ, ಅದೂ ಅಟ್ಟದಲ್ಲಿ, ಒಣಗಿ ಅಡ್ಡಕ್ಕೆ ಕುಗ್ಗಿದೆ. ಲೋಹದ ಫ್ರೆಟ್ ಕುಗ್ಗುವುದಿಲ್ಲ, ಹಾಗಾಗಿ ಅದರ ತುದಿಗಳು ಪಕ್ಕದಲ್ಲಿ ಚುಚ್ಚುತ್ತವೆ. ಕೂಡಲೇ ಅರ ಹಿಡಿದು ಕೂರಬೇಡಿ. ಕೇಸಿನೊಳಗೆ ತೂತಿನ ಸೋಪು ಡಬ್ಬಿಯಲ್ಲಿ ಹಿಂಡಿದ ಒದ್ದೆ ಸ್ಪಂಜ್ ಇಟ್ಟು, ತೇವಾಂಶ ಮಾಪಕದಲ್ಲಿ 45–55 ಶೇಕಡಾ ಕಾಯ್ದುಕೊಂಡು ಎರಡು ಮೂರು ವಾರ ಬಿಡಿ. ಅರ್ಧಕ್ಕರ್ಧ ಚುಚ್ಚು ತಾನಾಗಿ ಇಳಿಯುತ್ತದೆ. ಉಳಿದದ್ದಕ್ಕೆ ಮಾತ್ರ ಅರ. ಏರ್ ಕೂಲರ್ ಎದುರು ವಾದ್ಯ ಇಡಬೇಡಿ. ಹಗಲು ತೇವ, ರಾತ್ರಿ ಒಣಹವೆ ಎಂಬ ಎಳೆದಾಟ ಒಂದೇ ಸಮನೆ ಒಣಗಿರುವುದಕ್ಕಿಂತ ಕೆಟ್ಟದ್ದು.

ಹಳೆಯ ತಂತಿಗಳನ್ನು ಬಿಗಿ ಇರುವಾಗ ಕತ್ತರಿಸಬೇಡಿ, ಕೀಲಿ ತಿರುಗಿಸಿ ಸಡಿಲಿಸಿ ತೆಗೆಯಿರಿ. ಹೊಸ ನಾಲ್ಕು ತಂತಿ ಒಟ್ಟಿಗೆ ನೆಕ್ ಮೇಲೆ 75–80 ಕಿಲೋ ಎಳೆತ ಹಾಕುತ್ತವೆ. ವರ್ಷಗಟ್ಟಲೆ ಸುಮ್ಮನಿದ್ದ ನೆಕ್‌ಗೆ ಅದನ್ನು ಒಮ್ಮೆಲೇ ಹೊರಿಸದೆ, ಮೊದಲ ದಿನ ಒಂದು ಸ್ವರ ಕೆಳಗೆ, ಮರುದಿನ ಸರಿಯಾದ ಶ್ರುತಿಗೆ ತನ್ನಿ. ಆಮೇಲೆ ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿದು 7–8ನೇ ಫ್ರೆಟ್ ಮೇಲೆ ತಂತಿಗೂ ಲೋಹಕ್ಕೂ ನಡುವಿನ ಸಂದು ನೋಡಿ. 0.3 ಮಿ.ಮೀ. ಆಸುಪಾಸು ಇದ್ದರೆ ಮುಟ್ಟಬೇಡಿ. ಹೆಚ್ಚಿದ್ದರೆ ಟ್ರಸ್ ರಾಡ್, ಅಂದರೆ ನೆಕ್ ಬಾಗದಂತೆ ಒಳಗೆ ಹಾಕಿದ ಲೋಹದ ಸರಳು, ಬಿಗಿ ಮಾಡಬೇಕು.

ಹಳೆಯ ಫೆಂಡರ್ ಮಾದರಿಗಳಲ್ಲಿ ಈ ರಾಡಿನ ನಟ್ ನೆಕ್‌ನ ಬುಡದಲ್ಲಿರುತ್ತದೆ. ತಂತಿ ಸಡಿಲಿಸಿ, ನೆಕ್ ಬಿಚ್ಚಿ, ಅಗಲ ಬಾಯಿಯ ಸ್ಕ್ರೂ ಡ್ರೈವರ್ ಹಾಕಬೇಕು. ಜನ ತಪ್ಪುವುದು ಇಲ್ಲೇ: ತುಕ್ಕು ಹಿಡಿದ ನಟ್ ಅನ್ನು ನೇರ ಬಿಗಿ ಮಾಡಲು ಹೋಗಿ ರಾಡ್ ಮುರಿಯುತ್ತಾರೆ. ಮುರಿದರೆ ಫಿಂಗರ್‌ಬೋರ್ಡ್, ಅಂದರೆ ಫ್ರೆಟ್ ಕೂತ ಮರದ ಪಟ್ಟಿ, ಕಿತ್ತು ಹಾಕದೆ ದಾರಿಯಿಲ್ಲ. ಮೊದಲು ಎಡಕ್ಕೆ ತಿರುಗಿಸಿ ಸಡಿಲಿಸಿ, ಹೊಲಿಗೆ ಮಷಿನ್ ಎಣ್ಣೆ ಒಂದು ಹನಿ ಬಿಟ್ಟು ರಾತ್ರಿಯಿಡೀ ಇಡಿ, ಆಮೇಲೆ ಬಲಕ್ಕೆ ಎಂಟನೇ ಒಂದು ಸುತ್ತು, ಹೆಚ್ಚೆಂದರೆ ಕಾಲು ಸುತ್ತು. ಮತ್ತೆ ಜೋಡಿಸಿ, ಶ್ರುತಿ ಮಾಡಿ, ಒಂದು ದಿನ ಕಾದು ಅಳೆಯಿರಿ. ಬೇಸರದ ಕೆಲಸ, ಹೌದು. ನೆಕ್ ಸ್ಕ್ರೂ ತೂತು ಸವೆದಿದ್ದರೆ ಫೆವಿಕಾಲ್ ಹಚ್ಚಿದ, ಮದ್ದಿಲ್ಲದ ಕಡ್ಡಿಪೆಟ್ಟಿಗೆಯ ಕಡ್ಡಿಗಳನ್ನು ತುಂಬಿ ಒಣಗಿದ ಮೇಲೆ ಸ್ಕ್ರೂ ಹಾಕಿ. ನೆಕ್ ಬಾಗಿರದೆ ತಿರುಚಿದ್ದರೆ, ಅಂದರೆ ಬ್ರಿಡ್ಜ್ (ಮೈಮೇಲೆ ತಂತಿಗಳ ಕೊನೆ ಕೂರುವ ಲೋಹದ ಭಾಗ) ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿದಾಗ ನಟ್ ಮತ್ತು ಕೊನೆಯ ಫ್ರೆಟ್ ಸಮಾಂತರವಾಗಿ ಕಾಣದಿದ್ದರೆ, ರಾಡ್ ಅದನ್ನು ಸರಿ ಮಾಡದು. ಗಿಟಾರ್ ಕೆಲಸದವರಿಗೇ ತೋರಿಸಬೇಕು.

ಫಿಂಗರ್‌ಬೋರ್ಡ್ ಕಪ್ಪುಕಂದಿನ ಬೀಟೆ ಮರದ್ದಾಗಿದ್ದರೆ ಒಣಗಿ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ನಮ್ಮ ಕಡೆ ಕೈಗೆ ಮೊದಲು ಸಿಗುವುದು ಕುಸುಬಿ ಎಣ್ಣೆ. ಅದು ಮಾತ್ರ ಬೇಡ. ಅದು ಗಾಳಿಗೆ ಒಣಗಿ ಗಟ್ಟಿಯಾಗುವ ಎಣ್ಣೆ, ಬಣ್ಣದ ಕೈಗಾರಿಕೆಯಲ್ಲಿ ಬಳಸುವುದೇ ಅದಕ್ಕೆ. ಫ್ರೆಟ್ ಪಕ್ಕದಲ್ಲಿ ಗೋಂದಿನಂತೆ ಕೂತು ಧೂಳು ಹಿಡಿಯುತ್ತದೆ. ಬಣ್ಣ, ಸುವಾಸನೆ ಇಲ್ಲದ ಖನಿಜ ಎಣ್ಣೆ ಐದಾರು ಹನಿ ಹಚ್ಚಿ, ಹತ್ತು ನಿಮಿಷಕ್ಕೆ ಒರೆಸಿಬಿಡಿ. ಮೇಪಲ್‌ನದಾಗಿ ಮೇಲೆ ವಾರ್ನಿಶ್ ಇದ್ದರೆ ಎಣ್ಣೆಯೇ ಬೇಕಿಲ್ಲ.

ಈಗ ಗುಂಯ್ ಸದ್ದು. ಮಲ್ಟಿಮೀಟರ್ ಒಂದಿದ್ದರೆ ಅರ್ಧ ಕೆಲಸ ಮುಗಿದಂತೆ. ವಾಲ್ಯೂಮ್, ಟೋನ್ ಪೂರ್ತಿ ಏರಿಸಿ, ಕೇಬಲ್ ಸಿಕ್ಕಿಸಿ, ಅದರ ಇನ್ನೊಂದು ತುದಿಯ ಪಿನ್ನಿನಲ್ಲಿ ಓಮ್ ಅಳೆಯಿರಿ. ಪ್ರಿಸಿಷನ್ ಮಾದರಿಯಲ್ಲಿ 10 ಕಿಲೋ ಓಮ್ ಹತ್ತಿರ ಬಂದರೆ ಪಿಕಪ್, ಅಂದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಸುರುಳಿ, ಜೀವಂತ. ಜಾಝ್ ಮಾದರಿಯಲ್ಲಿ ಒಂದು ವಾಲ್ಯೂಮ್ ಪೂರ್ತಿ ಇಳಿಸಿ ಅಳೆದರೆ ಸುಮಾರು 7 ಬರಬೇಕು. ಪ್ರಿಸಿಷನ್‌ನಲ್ಲಿ 250 ಕಿಲೋ ಓಮ್ ತೋರಿಸಿದರೆ ಸುರುಳಿ ಎಲ್ಲೋ ಕಡಿದಿದೆ. ಮೀಟರ್ ಓದುತ್ತಿರುವುದು ಬರೀ ವಾಲ್ಯೂಮ್ ಪಾಟನ್ನು. ಪಿಕಪ್‌ನ ಎರಡು ತುಂಡುಗಳನ್ನು ಬೇರೆ ಬೇರೆ ಅಳೆಯಿರಿ, ಒಂದೊಂದೂ 5 ಕಿಲೋ ಓಮ್ ಚಿಲ್ಲರೆ ಇರಬೇಕು. ಕೂದಲಿಗಿಂತ ತೆಳುವಾದ ಆ ತಂತಿ ಹೆಚ್ಚಾಗಿ ಕಡಿಯುವುದು ಹೊರಗಿನ ವೈರಿಗೆ ಸೋಲ್ಡರ್ ಆದ ಜಾಗದಲ್ಲಿ, ಹಾಗಾಗಿ ಕೆಲವೊಮ್ಮೆ ಉಳಿಸಬಹುದು. ಒಂದು ಎಚ್ಚರ: ಹಳೆಯ ಫೆಂಡರ್ ಪಿಕಪ್‌ನಲ್ಲಿ ಸುರುಳಿಯನ್ನು ಅಯಸ್ಕಾಂತದ ಕಡ್ಡಿಗಳ ಸುತ್ತ ನೇರವಾಗಿ ಸುತ್ತಿರುತ್ತಾರೆ. ತುಕ್ಕು ಹಿಡಿದ ಕಡ್ಡಿಯನ್ನು ಒತ್ತಿ ಸರಿಸಿದರೆ ಒಳಗಿನ ತಂತಿ ಹರಿದಂತೆಯೇ.

ಪಿಕಪ್ ಸರಿಯಿದ್ದು ತಂತಿ ಮುಟ್ಟಿದಾಗ ಗುಂಯ್ ಸ್ವಲ್ಪವೂ ಕಡಿಮೆಯಾಗದಿದ್ದರೆ ಬ್ರಿಡ್ಜ್‌ನ ಗ್ರೌಂಡ್ ವೈರ್ ಹೋಗಿದೆ. ಬ್ರಿಡ್ಜ್ ಕೆಳಗೆ ಅದರ ಬರಿ ತುದಿ ಒತ್ತಿಕೊಂಡಿರುತ್ತದೆ ಅಷ್ಟೆ, ತುಕ್ಕು ಬಂದರೆ ಸಂಪರ್ಕ ಹೋಯಿತು. ತುದಿ ಕೆರೆದು ಮತ್ತೆ ಕೂರಿಸಿ, ಬ್ರಿಡ್ಜ್‌ಗೂ ಜಾಕ್‌ನ ಹೊರಬಳೆಗೂ ನಡುವೆ ಒಂದು ಓಮ್‌ಗಿಂತ ಕಡಿಮೆ ಬರುವಂತೆ ನೋಡಿ. ಪಾಟ್ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟು ಇಪ್ಪತ್ತು ಸಲ ತಿರುಗಿಸಿ. ಪಾಟನ್ನು, ಕೆಪಾಸಿಟರನ್ನು ಕೆಟ್ಟಿದ್ದು ಖಚಿತವಾಗದೆ ಬದಲಿಸಬೇಡಿ. ಬದಲಿಸಿದರೂ ಹಳೆಯದನ್ನು ಪೊಟ್ಟಣ ಕಟ್ಟಿ ಕೇಸಿನಲ್ಲಿಡಿ. ಸದ್ದು ಬರುತ್ತಿದ್ದು ತೀರಾ ಕ್ಷೀಣವಾಗಿದ್ದರೆ ಪಿಕಪ್ ಅಡಿಯ ಸ್ಪಂಜ್ ಪುಡಿಯಾಗಿ ಪಿಕಪ್ ಕುಸಿದಿರಬಹುದು. ಬ್ರಿಡ್ಜ್ ಮುಚ್ಚಳದೊಳಗೂ ಇಂಥದೇ ಸ್ಪಂಜ್ ಇರುತ್ತದೆ, ತಂತಿಯ ನಾದವನ್ನು ಗಿಡ್ಡ ಮಾಡಲು. ಅದು ಜಿಗುಟಾಗಿ ತೇವ ಹಿಡಿದಿಟ್ಟು ಲೋಹ ತಿನ್ನುತ್ತದೆ, ಕೆರೆದು ತೆಗೆಯಿರಿ.

ಬ್ರಿಡ್ಜ್‌ನ ಸಣ್ಣ ಸ್ಕ್ರೂಗಳನ್ನು ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ. ಅಮೆರಿಕದ್ದಕ್ಕೆ ಇಂಚಿನ ಅಲನ್ ಕೀ, ಜಪಾನಿನದಕ್ಕೆ ಮಿ.ಮೀ. ಕೀ, 1/16 ಇಂಚಿನ ಸ್ಕ್ರೂಗೆ 1.5 ಮಿ.ಮೀ. ಕೀ ಹಾಕಿದರೆ ಮೂಲೆ ಸವೆದು ಸ್ಕ್ರೂ ಕೆಡುತ್ತದೆ. ಮೈ ಒರೆಸಲು ಹಳೆಯ ಧೋತರದ ತುಂಡು, ನೀರು, ಪಾತ್ರೆ ಸೋಪಿನ ಒಂದು ಹನಿ ಸಾಕು. ಥಿನ್ನರ್ ಹತ್ತಿರ ತರಬೇಡಿ, ನೈಟ್ರೋ (ನೈಟ್ರೋಸೆಲ್ಯುಲೋಸ್) ಬಣ್ಣ ಕರಗಿ ಬಟ್ಟೆಗೆ ಬರುತ್ತದೆ.

ತಂತಿಗೆ ನನ್ನ ಆಯ್ಕೆ ಫ್ಲಾಟ್‌ವೌಂಡ್, ಅಂದರೆ ಹೊರಸುತ್ತು ಚಪ್ಪಟೆಯಾಗಿ ನುಣುಪಿರುವ ತಂತಿ. ಆ ಕಾಲದ ಬೇಸ್‌ಗಳು ಬರುತ್ತಿದ್ದುದೇ ಅವುಗಳೊಂದಿಗೆ, ಹಳೆಯ ಫ್ರೆಟ್‌ಗಳನ್ನೂ ಕಡಿಮೆ ಸವೆಸುತ್ತವೆ. 17ನೇ ಫ್ರೆಟ್ ಮೇಲೆ ದಪ್ಪ ತಂತಿ 2.8, ತೆಳು ತಂತಿ 2.4 ಮಿ.ಮೀ. ಎತ್ತರದಿಂದ ಶುರು ಮಾಡಿ, ಇಳಿಸುವುದು ನಿಮ್ಮ ಕೈಗೆ ಬಿಟ್ಟದ್ದು. ಎತ್ತರ ಗೊತ್ತಾದ ಮೇಲೆ 12ನೇ ಫ್ರೆಟ್‌ನಲ್ಲಿ ಒತ್ತಿದ ಸ್ವರ ಅಲ್ಲಿನ ಹಾರ್ಮೋನಿಕ್‌ಗಿಂತ (ತಂತಿಯನ್ನು ಒತ್ತದೆ ಹಗುರವಾಗಿ ಮುಟ್ಟಿ ಬಾರಿಸಿದ ಸ್ವರ) ಏರಿದ್ದರೆ ಬ್ರಿಡ್ಜ್‌ನ ಸ್ಯಾಡಲ್, ಅಂದರೆ ತಂತಿ ಕೂರುವ ತುಂಡು, ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.

ಗಣಪತಿ ಪೆಂಡಾಲಿನಲ್ಲಿ ಬಾರಿಸುವ ಯೋಚನೆ ಇದ್ದರೆ, ಅಲ್ಲಿನ ಬೋರ್ಡ್‌ಗೆ ಅರ್ಥಿಂಗ್ ಕೊಟ್ಟಿದ್ದಾರೋ ಇಲ್ಲವೋ ನಂಬಬೇಡಿ. ಆಂಪ್ಲಿಫೈಯರ್ ಚಾಲೂ ಮಾಡಿ, ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು, ಒಂದು ಕಡ್ಡಿ ಬೇಸಿನ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ತಾಗಿಸಿ. ಒಂದೆರಡು ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಮೈಕಿನ ಹತ್ತಿರ ಬಾಯಿ ಒಯ್ಯಬೇಡಿ. ಎರಡನ್ನೂ ಅರ್ಥಿಂಗ್ ಇರುವ ಒಂದೇ ಬೋರ್ಡಿನಿಂದ ಕೊಡುವವರೆಗೆ ಬೇಸ್ ಸ್ಟ್ಯಾಂಡಿನ ಮೇಲೇ ಇರಲಿ.