ಬಯಲು ರಸಮಂಜರಿ: ಟಿಕೆಟ್ ಇಲ್ಲ, ತಲೆ ಲೆಕ್ಕವೂ ಇಲ್ಲ

ಓದುಗರ ಪ್ರಶ್ನೆ, ನಮ್ಮ ಉತ್ತರ

ಬಯಲಿನಲ್ಲಿ ನಡೆಯುವ ಉಚಿತ ಸಂಗೀತ ಕಾರ್ಯಕ್ರಮಗಳ ಬಗ್ಗೆ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮಲ್ಲಿ ಮೈದಾನದಾಗ ಫುಕ್ಕಟೆ ರಸಮಂಜರಿ ಇಟ್ಟಾರ. ಮನ್ಯಾಗ ಕೇಳಿದ್ರ "ಮಂದಿ ಭಾಳ ಆಗ್ತಾರ, ಬ್ಯಾಡ" ಅಂತಾರ. ಎಷ್ಟು ಮಂದಿ ಆದ್ರ ಭಾಳ ಅನ್ಬೇಕ್ರಿ? ನಿಂತಲ್ಲೇ ಹೆಂಗ ಗೊತ್ತಾಗ್ತದ? (ಸೇಡಂ)

ಉತ್ತರ: ಮೈದಾನದಲ್ಲಿ ಒಟ್ಟು ಎಷ್ಟು ಮಂದಿ ಇದ್ದಾರೆ ಎಂಬುದು ನಿಮಗೆ ಬೇಡ. ನೀವು ನಿಂತ ಒಂದು ಚದರ ಮೀಟರಿನಲ್ಲಿ ಎಷ್ಟು ಮಂದಿ ಎಂಬುದು ಬೇಕು. ಎರಡು ಮೂರು ಜನ ಇದ್ದರೆ ಓಡಾಡಬಹುದು. ನಾಲ್ಕಾದರೆ ಮೈಗೆ ಮೈ ತಾಗುತ್ತದೆ, ಆದರೂ ನಿಮ್ಮ ಕಾಲು ನಿಮ್ಮ ಮಾತು ಕೇಳುತ್ತದೆ. ಐದಾಯಿತೆಂದರೆ ಅಲ್ಲಿಂದ ಕದಲುವ ಹೊತ್ತು. ಆರು, ಏಳು ಆದಾಗ ಜನ ನೀರಿನ ಹಾಗೆ ಆಗುತ್ತಾರೆ: ಹಿಂದೆಲ್ಲೋ ಯಾರೋ ತಳ್ಳಿದ್ದು ಅಲೆಯಾಗಿ ಬಂದು ಮುಂದಿನವರನ್ನು ಬ್ಯಾರಿಕೇಡಿಗೆ ಒತ್ತುತ್ತದೆ. ಹಿಂದಿನವರಿಗೆ ಮುಂದೇನಾಗುತ್ತಿದೆ ಎಂದು ಕಾಣುವುದೇ ಇಲ್ಲ. ಇಂಥ ಕಡೆ ಸಾಯುವವರಲ್ಲಿ ಹೆಚ್ಚಿನವರು ಕಾಲ್ತುಳಿತದಿಂದಲ್ಲ, ನಿಂತಲ್ಲೇ ಎದೆ ಹಿಗ್ಗಲು ಜಾಗವಿಲ್ಲದೆ ಉಸಿರು ಕಟ್ಟಿ ಸಾಯುತ್ತಾರೆ.

ಅಳೆಯಲು ಪಟ್ಟಿ ಬೇಡ. ಎರಡೂ ಕೈ ಸೊಂಟದ ಮೇಲಿಟ್ಟು ಒಂದು ಸುತ್ತು ತಿರುಗಿ. ಮೊಣಕೈ ಯಾರಿಗೂ ತಾಗದಿದ್ದರೆ ಚಿಂತೆಯಿಲ್ಲ. ಕೈ ಇಳಿಬಿಟ್ಟು ನಿಂತಾಗ ಎರಡೂ ಭುಜಕ್ಕೆ ಬೇರೆಯವರ ಭುಜ ಒತ್ತುತ್ತಿದ್ದರೆ ಪಕ್ಕಕ್ಕೆ ಸರಿಯಲು ಶುರು ಮಾಡಿ. ಮೂಗು ತುರಿಸಲು ಕೈ ಮೇಲೆತ್ತಲಾಗದ ಸ್ಥಿತಿಗೆ ಬಂದಿದ್ದರೆ ತಡವಾಗಿದೆ. ಮುಂದಿನ ಉತ್ತರ ಓದಿ.

ಟಿಕೆಟ್ ಇರುವ ಕಡೆ ಹರಿದ ಚೀಟಿ ಎಣಿಸಿದರೆ ಒಳಗೆ ಎಷ್ಟು ಜನ ಎಂದು ತಿಳಿಯುತ್ತದೆ, ತುಂಬಿದಾಗ ಗೇಟು ಹಾಕಬಹುದು. ಉಚಿತ ಕಾರ್ಯಕ್ರಮದಲ್ಲಿ ಆ ಎಣಿಕೆಯೇ ಇಲ್ಲ. ಆದ್ದರಿಂದ ಒಳಗೆ ಹೋಗುವಾಗಲೇ ಹೊರಗೆ ಬರುವ ಲೆಕ್ಕ ನೀವೇ ಹಾಕಿಕೊಳ್ಳಬೇಕು. ಸಮತಟ್ಟು ನೆಲದಲ್ಲಿ 1 ಮೀಟರ್ ಅಗಲದ ದಾರಿಯಲ್ಲಿ ನಿಮಿಷಕ್ಕೆ ಸುಮಾರು 80 ಜನ ದಾಟಬಲ್ಲರು. ಮೈದಾನಕ್ಕೆ 2 ಮೀಟರಿನ ಒಂದೇ ಗೇಟು, ಒಳಗೆ 5000 ಜನ ಎಂದುಕೊಳ್ಳಿ: ಎಲ್ಲರೂ ಶಿಸ್ತಿನಿಂದ ನಡೆದರೂ ಖಾಲಿಯಾಗಲು ಅರ್ಧ ಗಂಟೆ ಬೇಕು. ಗೇಟಿನ ಬಾಯಲ್ಲೇ ಮಿರ್ಚಿ ಭಜಿ ಗಾಡಿ, ಬಲೂನಿನವರು, ಅಡ್ಡ ನಿಂತ ಬೈಕುಗಳಿದ್ದರೆ 2 ಮೀಟರು 1 ಮೀಟರಾಗುತ್ತದೆ, ಅರ್ಧ ಗಂಟೆ ಒಂದು ಗಂಟೆಯಾಗುತ್ತದೆ. ಹಾಗಾಗಿ ಕೊನೆಯ ಎರಡು ಹಾಡು ಬಿಟ್ಟು ಮೊದಲೇ ಹೊರಡಿ. ಬಿಡಲು ಮನಸ್ಸಿಲ್ಲವೆಂದರೆ ಮುಗಿದ ಮೇಲೆ ಅರ್ಧ ಗಂಟೆ ಕೂತಲ್ಲೇ ಕೂತಿರಿ. ಇವೆರಡರ ನಡುವಿನ ಹೊತ್ತೇ ಕೆಟ್ಟದ್ದು.

ಜಾಗ ಹಿಡಿಯುವುದಾದರೆ ವೇದಿಕೆಗೂ ಹಿಂದಿನ ಅಂಚಿಗೂ ನಡುವೆ, ಎಡಕ್ಕೋ ಬಲಕ್ಕೋ ಹೊರಬಾಗಿಲು ಕಾಣುವ ಬದಿಯಲ್ಲಿ ಹಿಡಿಯಿರಿ. ವೇದಿಕೆಯ ಎದುರು ಬ್ಯಾರಿಕೇಡಿಗೆ ಅಂಟಿದ ಜಾಗಕ್ಕೆ ಎಲ್ಲರಿಗೂ ಆಸೆ. ಆದರೆ ಅಲ್ಲಿಂದ ಮುಂದಕ್ಕೆ ದಾರಿಯಿಲ್ಲ, ಹಿಂದಕ್ಕೆ ಜನ ಬಿಡುವುದಿಲ್ಲ.

ಪ್ರಶ್ನೆ: ಆಗಲೇ ನೂಕುನುಗ್ಗಲಿನಲ್ಲಿ ಸಿಕ್ಕಿಕೊಂಡರೆ ಏನು ಮಾಡಬೇಕು? (ಶಹಾಪುರ)

ಉತ್ತರ: ಎರಡೂ ಮುಂಗೈಗಳನ್ನು ಎದೆಯ ಮುಂದೆ ಅಡ್ಡ ತನ್ನಿ, ಕೈಗೂ ಎದೆಗೂ ನಡುವೆ ನಾಲ್ಕು ಬೆರಳಿನ ಜಾಗ ಉಳಿಸಿಕೊಳ್ಳಿ. ನಿಮ್ಮ ಉಸಿರಿಗೆ ಸಿಗುವುದು ಅಷ್ಟೇ ಜಾಗ. ಒಂದು ಕಾಲು ಮುಂದೆ, ಒಂದು ಹಿಂದೆ, ಮಂಡಿ ತುಸು ಬಾಗಿರಲಿ. ನೂಕು ಬಂದಾಗ ಎದುರು ತಳ್ಳಬೇಡಿ, ಅದರ ಜೊತೆ ಹೋಗಿ. ಪ್ರತಿ ಅಲೆಯ ನಂತರ ಒಂದೆರಡು ಕ್ಷಣ ಸಡಿಲವಾಗುತ್ತದೆ. ಆಗ ಓರೆಯಾಗಿ ಒಂದು ಹೆಜ್ಜೆ ಬದಿಗೆ ಇಡಿ. ಅಲೆಗೊಂದರಂತೆ ಹೆಜ್ಜೆಯಿಟ್ಟು ಅಂಚಿಗೆ ಬನ್ನಿ. ಗೋಡೆ, ಕಂಬ, ಬ್ಯಾರಿಕೇಡಿನಿಂದ ದೂರವಿರಿ. ಕೂಗಿ ಉಸಿರು ಕಳೆದುಕೊಳ್ಳಬೇಡಿ. ಚಿಕ್ಕ ಮಕ್ಕಳಿದ್ದರೆ ಭುಜದ ಮೇಲೆ ಹತ್ತಿಸಿಕೊಳ್ಳಿ. ಬಿದ್ದ ಚಪ್ಪಲಿ, ಮೊಬೈಲು ಹೋದರೆ ಹೋಗಲಿ, ಬಗ್ಗಬೇಡಿ.

ಬಿದ್ದೇ ಬಿಟ್ಟರೆ ಅಂಗಾತವೂ ಬೇಡ, ಬೋರಲೂ ಬೇಡ. ಒಂದು ಮಗ್ಗುಲಾಗಿ ಮಲಗಿ, ಮಂಡಿಗಳನ್ನು ಎದೆಗೆ ಎಳೆದು, ಎರಡೂ ಕೈಯಿಂದ ತಲೆ ಮುಚ್ಚಿಕೊಳ್ಳಿ. ಸಂದು ಸಿಕ್ಕ ಕೂಡಲೇ ಏಳಿ. ಪಕ್ಕದಲ್ಲಿ ಬಿದ್ದವರನ್ನು ಮೊದಲ ಕ್ಷಣದಲ್ಲೇ ಎತ್ತಿ. ಒಬ್ಬರು ಬಿದ್ದರೆ ಅಲ್ಲೊಂದು ಗುಂಡಿಯಾಗುತ್ತದೆ, ಹಿಂದಿನವರು ಅದರೊಳಗೇ ಬೀಳುತ್ತಾರೆ.

ಪ್ರಶ್ನೆ: ಎಂಟು ತಿಂಗಳ ಕೂಸು, ಎಪ್ಪತ್ತು ದಾಟಿದ ಅತ್ತೆಯವರು, ನಾನು, ನಮ್ಮ ಮನೆಯವರು ಹೋಗಬೇಕೆಂದಿದ್ದೇವೆ. ಸೌಂಡ್ ಬಾಕ್ಸಿನ ಸದ್ದಿಗೆ ಕಿವಿಗೆ ಹತ್ತಿ ಇಟ್ಟರೆ ಸಾಕೇ? (ಕಲಬುರಗಿ)

ಉತ್ತರ: ಸಾಲದು. ಹತ್ತಿ ತಡೆಯುವುದು ತೀರಾ ಅಲ್ಪ, ಅದೂ ಡ್ರಮ್ಮಿನ ದಪ್ಪ ಸದ್ದಿಗೆ ಅದು ಲೆಕ್ಕಕ್ಕೇ ಇಲ್ಲ. ದೊಡ್ಡವರಿಗೆ ಫೋಮ್ ಇಯರ್‌ಪ್ಲಗ್ ತನ್ನಿ, ಔಷಧಿ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತದೆ. ಸುಮ್ಮನೆ ಕಿವಿಯ ಬಾಯಿಗೆ ತುರುಕಿಕೊಂಡು "ಏನೂ ಉಪಯೋಗವಿಲ್ಲ" ಎನ್ನುವವರೇ ಹೆಚ್ಚು. ಬೆರಳ ನಡುವೆ ಹೊಸೆದು ಬತ್ತಿಯಷ್ಟು ತೆಳ್ಳಗೆ ಮಾಡಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿಯಿರಿ. ಬತ್ತಿಯನ್ನು ಒಳಗೆ ತೂರಿಸಿ, ಅದು ಉಬ್ಬಿಕೊಳ್ಳುವವರೆಗೆ 30 ಸೆಕೆಂಡು ಬೆರಳಿನಿಂದ ಒತ್ತಿ ಹಿಡಿಯಿರಿ. ನಿಮ್ಮದೇ ಮಾತು ಕೊಡದೊಳಗಿನಿಂದ ಬಂದಂತೆ ಕೇಳಿಸಿದರೆ ಸರಿಯಾಗಿ ಕೂತಿದೆ ಎಂದರ್ಥ.

ಕೂಸಿಗೆ ಇಯರ್‌ಪ್ಲಗ್ ಹಾಕಲೇಬಾರದು, ಕಿತ್ತು ಬಾಯಿಗೆ ಹಾಕಿಕೊಳ್ಳುತ್ತದೆ. ಕಿವಿಯನ್ನು ಪೂರ್ತಿ ಮುಚ್ಚುವ, ಮಕ್ಕಳ ಅಳತೆಯ ಇಯರ್‌ಮಫ್ ಬೇಕು. ಅದು ಸಿಗದಿದ್ದರೆ ದೂರವೇ ಮದ್ದು. ಬಯಲಿನಲ್ಲಿ ಬಾಕ್ಸಿನಿಂದ ದೂರ ದುಪ್ಪಟ್ಟಾದಂತೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ: 5 ಮೀಟರಿನಲ್ಲಿ 105 ಇದ್ದರೆ 10ಕ್ಕೆ 99, 20ಕ್ಕೆ 93, 40ಕ್ಕೆ 87. ಕಿವಿ ತಡೆಯುವ ಹೊತ್ತಿನ ಲೆಕ್ಕ ಹೀಗಿದೆ: 85 ಡೆಸಿಬಲ್ ಆದರೆ 8 ಗಂಟೆ, ನಂತರ ಪ್ರತಿ 3 ಡೆಸಿಬಲ್ ಏರಿದಾಗ ಅರ್ಧರ್ಧ ಆಗುತ್ತಾ 94ಕ್ಕೆ 1 ಗಂಟೆ, 100ಕ್ಕೆ 15 ನಿಮಿಷ. ಅಂದರೆ ಬಾಕ್ಸಿನ ಮುಂದೆ ಕೂತವರ ಕಿವಿಯ ಪಾಲು ಮೂರನೇ ಹಾಡಿಗೇ ಮುಗಿದಿರುತ್ತದೆ! ಇದು ದೊಡ್ಡವರ ಲೆಕ್ಕ. ಕೂಸಿಗೆ 40 ಮೀಟರಿಗೂ ಆಚೆ, ಬಾಕ್ಸಿನ ಮುಖ ತಿರುಗಿರದ ಬದಿಯಲ್ಲಿ ಕೂರಿ. ಸಾಲು ಸಾಲಾಗಿ ತೂಗುಹಾಕಿದ ದೊಡ್ಡ ಬಾಕ್ಸುಗಳ ಸದ್ದು ಇಷ್ಟು ಬೇಗ ಇಳಿಯುವುದಿಲ್ಲ ಎಂಬುದೂ ಗಮನದಲ್ಲಿರಲಿ. ಮೈದಾನದ ನಡುವೆ ಬೀದಿದೀಪದ ಕಂಬಕ್ಕೂ ಹಾರ್ನ್ ಕಟ್ಟಿರುತ್ತಾರೆ; ಕೂರುವ ಮೊದಲು ತಲೆಯೆತ್ತಿ ನೋಡಿ.

ಹಾಡು ಚೆನ್ನಾಗಿಯೂ ಕೇಳಬೇಕು, ಕಿವಿಯೂ ಉಳಿಯಬೇಕು ಎನ್ನುವವರಿಗೆ ಮಿಕ್ಸರ್ ಟೇಬಲ್ಲಿನ ಆಸುಪಾಸು ವಾಸಿ. ಸೌಂಡಿನವರು ತಾವು ಕೂತ ಜಾಗಕ್ಕೆ ಕೇಳಿಸಿದಂತೆ ಎಲ್ಲ ಹೊಂದಿಸುತ್ತಾರೆ, ಹಾಡಿನ ಮಾತು ಅಲ್ಲಿ ಬಿಡಿಬಿಡಿಯಾಗಿ ಕೇಳುತ್ತದೆ. ಅತ್ತೆಯವರಿಗೆ ಶ್ರವಣ ಯಂತ್ರವಿದ್ದರೆ ಅದರ ಸದ್ದು ತಗ್ಗಿಸಿ. ಮನೆಗೆ ಬಂದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುವುದು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಹೋಗುತ್ತದೆ. ಹೋಗದಿದ್ದರೆ, ಇಲ್ಲವೇ ಒಂದು ಕಿವಿ ಹಠಾತ್ತಾಗಿ ಮಂದವಾದರೆ, ತಡಮಾಡದೆ ಇಎನ್‌ಟಿ ವೈದ್ಯರ ಬಳಿ ಹೋಗಿ.

ಪ್ರಶ್ನೆ: ಸಂಜೆ ಆರೂವರೆಗೆ ಕಾರ್ಯಕ್ರಮ, ಜಾಗ ಹಿಡಿಯಲು ನಾಲ್ಕಕ್ಕೇ ಹೋಗಬೇಕು. ನಮ್ಮ ಕಡೆ ಬಿಸಿಲು ನಿಮಗೇ ಗೊತ್ತಲ್ರಿ. (ಚಿತ್ತಾಪುರ)

ಉತ್ತರ: ಏಪ್ರಿಲ್, ಮೇ ಆದರೆ ನಾಲ್ಕಕ್ಕೆ ಹೋಗಲೇಬೇಡಿ. 40 ದಾಟಿದ ದಿನ ಹೊತ್ತು ಮುಳುಗಿದ ಮೇಲೂ ನೆಲ, ಕಲ್ಲು, ತಗಡು ಕಾವು ಕಾರುತ್ತಲೇ ಇರುತ್ತವೆ. ನಮ್ಮ ಸೀಮೆಯ ಬೇಸಿಗೆಯ ಗಾಳಿ ಒಣದು. ಬೆವರು ಬಂದದ್ದೇ ಗೊತ್ತಾಗದಂತೆ ಆರಿಹೋಗುತ್ತದೆ, "ಬೆವರೇ ಇಲ್ಲ, ನೀರು ಯಾಕೆ" ಅನ್ನಿಸುತ್ತದೆ. ಮೋಸ ಇರುವುದು ಅಲ್ಲೇ. ಮೂರು ತಾಸಿಗೆ ತಲೆಗೊಂದು ಲೀಟರ್ ನೀರಿನಂತೆ ಒಯ್ಯಿರಿ, ಗುಟುಕು ಗುಟುಕಾಗಿ ಕುಡಿಯುತ್ತಿರಿ. ಓಆರ್‌ಎಸ್ ದೊಡ್ಡ ಪೊಟ್ಟಣವಾದರೆ ಇಡೀ ಪೊಟ್ಟಣ 1 ಲೀಟರಿಗೆ. ಅರ್ಧ ಲೋಟಕ್ಕೆ ಸುರಿದು ಕುಡಿದರೆ ಉಪ್ಪು ಹೆಚ್ಚಾಗಿ ಬಾಯಾರಿಕೆ ಇನ್ನೂ ಏರುತ್ತದೆ. ಮನೆಯಲ್ಲೇ ಮಾಡುವುದಾದರೆ ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟಸವಾಗಿ, ಗೋಪುರ ಬೇಡ. ಸಕ್ಕರೆ ಕಾಯಿಲೆ, ಬಿಪಿ ಇದ್ದವರು ವೈದ್ಯರನ್ನು ಕೇಳಿ ಕುಡಿಯಲಿ.

ತಲೆ ಸುತ್ತು, ಸ್ನಾಯು ಹಿಡಿತ ಬಂದರೆ ನೆರಳಿಗೆ ತಂದು ಮಲಗಿಸಿ, ಕಾಲು ಎತ್ತರಿಸಿ, ನೀರು ಕೊಡಿ. ಮಾತು ತಡವರಿಸಿದರೆ, ಎಲ್ಲಿದ್ದೇನೆಂದೇ ತಿಳಿಯದಂತಾದರೆ ಅದು ಬಿಸಿಲಾಘಾತ. "ಬೆವರುತ್ತಿದ್ದಾರಲ್ಲ" ಎಂದು ಸಮಾಧಾನ ಪಡಬೇಡಿ, ಬೆವರಿದ್ದೂ ಆಗುತ್ತದೆ. 108ಕ್ಕೆ ಕರೆ ಮಾಡಿ, ಗಾಡಿ ಬರುವವರೆಗೆ ಬಟ್ಟೆ ಸಡಿಲಿಸಿ ಮೈಯೆಲ್ಲ ತೋಯಿಸಿ ಬೀಸುತ್ತಿರಿ, ಕಂಕುಳು, ಕತ್ತು, ತೊಡೆ ಸಂದಿಗೆ ಐಸ್ ಇಡಿ. ಕಬ್ಬಿನ ಹಾಲಿನ ಅಂಗಡಿಯಲ್ಲಿ ಐಸ್ ಇದ್ದೇ ಇರುತ್ತದೆ. ಒಣ ಗಾಳಿಯಲ್ಲಿ ಒದ್ದೆ ಟವೆಲ್ಲೂ ಬೇಗ ತಂಪು ಮಾಡುತ್ತದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಜ್ವರದ ಮಾತ್ರೆ ಇಲ್ಲಿ ಕೆಲಸ ಮಾಡುವುದಿಲ್ಲ.

ಪ್ರಶ್ನೆ: ಹಾಡು ನಡೆಯುತ್ತಿರುವಾಗಲೇ ಗುಡುಗು ಶುರುವಾದರೆ ಶಾಮಿಯಾನದ ಕೆಳಗೆ ನಿಲ್ಲಬಹುದೇ? (ಸುರಪುರ)

ಉತ್ತರ: ನಿಲ್ಲಬಾರದು. ಶಾಮಿಯಾನ ಮಳೆಗೆ ಕೊಡೆ, ಸಿಡಿಲಿಗಲ್ಲ. ಅದರ ಕಬ್ಬಿಣದ ಕಂಬಗಳೇ ಅಪಾಯ. ಬೇವಿನ ಮರವೂ ಅಷ್ಟೇ. ಗಿಲಾವು ಹಾಕಿದ ಪಕ್ಕಾ ಕಟ್ಟಡ, ಇಲ್ಲವೇ ಗಾಜು ಏರಿಸಿದ ಕಾರು, ಬಸ್ಸು ಆಗುತ್ತದೆ. ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿದ ಸೆಕೆಂಡನ್ನು ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರು ದೂರವೆಂದು ತಿಳಿಯುತ್ತದೆ. 30 ಸೆಕೆಂಡು, ಅಂದರೆ 10 ಕಿ.ಮೀ. ಇದ್ದರೂ ಎದ್ದುಬಿಡಿ. ಕೊನೆಯ ಗುಡುಗಿನ ನಂತರ 30 ನಿಮಿಷ ಮೈದಾನಕ್ಕೆ ಮರಳಬೇಡಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಹತ್ತಿರದ ಸಿಡಿಲಿನ ಎಚ್ಚರಿಕೆ ಕೊಡುತ್ತದೆ, ಹೊರಡುವ ಮುನ್ನ ಹಾಕಿಕೊಂಡಿರಿ.

ಬೇಸಿಗೆ ಮಳೆಯಲ್ಲಿ ಸಿಡಿಲಿಗಿಂತ ಮೊದಲು ಧೂಳುಗಾಳಿ ಬರುತ್ತದೆ. ವೇದಿಕೆಯ ಹಿಂದಿನ ಫ್ಲೆಕ್ಸು ಹಾಯಿಯಂತೆ ಗಾಳಿ ಹಿಡಿದು ಕಬ್ಬಿಣದ ಚೌಕಟ್ಟನ್ನೇ ಎಳೆಯುತ್ತದೆ. ಫ್ಲೆಕ್ಸು ಪಟಪಟ ಬಡಿಯತೊಡಗಿದ ಕೂಡಲೇ ಚೌಕಟ್ಟಿನ, ಎಲ್‌ಇಡಿ ಪರದೆಯ, ಲೈಟಿನ ಕಂಬದ ಎತ್ತರ ಎಷ್ಟೋ ಅದರ ಒಂದೂವರೆ ಪಟ್ಟು ದೂರ ಸರಿಯಿರಿ.

ಮಳೆ ಬಿದ್ದ ಮೇಲಿನ ಮಾತು ಕರೆಂಟಿನದು. ಜನರೇಟರಿನಿಂದ ಬಂದ ವೈರಿನ ಜೋಡಣೆಗೆ ಬರೀ ಟೇಪು ಸುತ್ತಿ ಹುಲ್ಲಿನ ಮೇಲೆ ಬಿಟ್ಟಿರುತ್ತಾರೆ. ಅದನ್ನು ದಾಟಿಯೂ ಹೋಗಬೇಡಿ, ದೀಪದ ಸರ ಸುತ್ತಿದ ಕಂಬಕ್ಕೆ ಒರಗಲೂ ಬೇಡಿ. ಯಾರಿಗಾದರೂ ಶಾಕ್ ಹೊಡೆದರೆ ಮುಟ್ಟುವ ಮೊದಲು ಜನರೇಟರ್ ಆಫ್ ಮಾಡಿಸಿ. ಉಸಿರಿಲ್ಲದಿದ್ದರೆ 108ಕ್ಕೆ ಹೇಳಿ, ಎದೆಯ ನಡುವೆ 5 ಸೆಂ.ಮೀ. ಆಳಕ್ಕೆ ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಿ. ಸಿಡಿಲು ಬಡಿದವರನ್ನು ಮಾತ್ರ ಕೂಡಲೇ ಮುಟ್ಟಬಹುದು, ಅವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ.

ಪ್ರಶ್ನೆ: ಬೀದರ್ ಕೋಟೆಯೊಳಗೆ ಕಾರ್ಯಕ್ರಮವಿದ್ದರೆ ಬೇರೇನಾದರೂ ಎಚ್ಚರ ಬೇಕೇ? (ಭಾಲ್ಕಿ)

ಉತ್ತರ: ಬೇಕು. ಬಹಮನಿ ಅರಸರು 15ನೇ ಶತಮಾನದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದು ಬೆಳೆಸಿದ ಕೋಟೆಯದು. ಶರ್ಜಾ ದರ್ವಾಜಾ, ಗುಂಬದ್ ದರ್ವಾಜಾ ಎಂದು ಒಂದರ ಹಿಂದೊಂದು ಬಾಗಿಲು, ನಡುವೆ ತಿರುವು: ನುಗ್ಗಿ ಬರುವ ಸೈನ್ಯ ತಡೆದು ನಿಲ್ಲಲೆಂದೇ ಕಟ್ಟಿದ್ದು. ಕಾರ್ಯಕ್ರಮ ಮುಗಿಸಿ ಒಟ್ಟಿಗೆ ಹೊರಡುವವರನ್ನೂ ಅದು ಹಾಗೆಯೇ ತಡೆಯುತ್ತದೆ. ಮೇಲೆ ಹೇಳಿದ ಅರ್ಧ ಗಂಟೆಯ ಮಾತು ಇಲ್ಲಿ ಕಡ್ಡಾಯ. ಚೆನ್ನಾಗಿ ಕಾಣುತ್ತದೆಂದು ಕೋಟೆಗೋಡೆ, ಬುರುಜು ಹತ್ತಬೇಡಿ. ಬಂಡೆ ಕೊರೆದು ಮಾಡಿದ ಕಂದಕದ ಅಂಚು ಕತ್ತಲಲ್ಲಿ ಕಾಣುವುದಿಲ್ಲ. ಕಾಲಿಗೆ ಹಿಮ್ಮಡಿ ಪಟ್ಟಿಯ ಚಪ್ಪಲಿ ಅಥವಾ ಬೂಟು, ಕೈಯಲ್ಲೊಂದು ಟಾರ್ಚು. ಮೊಬೈಲಿನ ಬೆಳಕನ್ನು ನಂಬಿದರೆ ವಿಡಿಯೊ ಮಾಡಿ ಬ್ಯಾಟರಿ ಆಗಲೇ ಮುಗಿದಿರುತ್ತದೆ.

ಪ್ರಶ್ನೆ: ಮಗು ಕೈತಪ್ಪಿದರೆ? (ಜೇವರ್ಗಿ)

ಉತ್ತರ: ಹೊರಡುವಾಗ ಆ ದಿನದ ಬಟ್ಟೆಯಲ್ಲೇ ಮಗುವಿನ ಒಂದು ಫೋಟೊ ತೆಗೆಯಿರಿ. "ಏನು ಬಟ್ಟೆ ಹಾಕಿತ್ತು" ಎಂದು ಪೊಲೀಸರು ಕೇಳಿದಾಗ ಗಾಬರಿಯಲ್ಲಿ ತಾಯಂದಿರಿಗೂ ನೆನಪಾಗುವುದಿಲ್ಲ. ಮುಂಗೈ ಮೇಲೆ ಬಾಲ್‌ಪೆನ್ನಿನಿಂದ ಫೋನ್ ನಂಬರ್ ಬರೆಯಿರಿ, ಹೆಸರು ಬೇಡ. ಹೆಸರು ಹಿಡಿದು ಕರೆದವರ ಹಿಂದೆ ಮಕ್ಕಳು ಹೋಗಿಬಿಡುತ್ತಾರೆ. ಕೈತಪ್ಪಿದರೆ ಒಬ್ಬರು ಇದ್ದಲ್ಲೇ ನಿಲ್ಲಿ, ಇನ್ನೊಬ್ಬರು ಪೊಲೀಸರ ಬಳಿ ಹೋಗಿ ಮೈಕಿನಲ್ಲಿ ಹೇಳಿಸಿ. 112 ಅಥವಾ ಮಕ್ಕಳ ಸಹಾಯವಾಣಿ 1098ಕ್ಕೂ ಹೇಳಬಹುದು. ಜನ ಸೇರಿದ ಕಡೆ ಕರೆ ಹೋಗದಿದ್ದರೆ ಎಸ್ಸೆಮ್ಮೆಸ್ ಕಳಿಸಿ ನೋಡಿ, ಅದು ಹೋಗುವ ಸಂಭವ ಹೆಚ್ಚು.

ಪ್ರಶ್ನೆ: ರಾತ್ರಿ ಎಷ್ಟು ಹೊತ್ತಿನವರೆಗೆ ಮೈಕ್ ಹಾಕಬಹುದು? (ಹುಮನಾಬಾದ್)

ಉತ್ತರ: 2000ದ ಶಬ್ದ ಮಾಲಿನ್ಯ ನಿಯಮದಂತೆ ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಸಾಂಸ್ಕೃತಿಕ, ಧಾರ್ಮಿಕ ಸಂದರ್ಭಗಳಿಗೆ ವರ್ಷಕ್ಕೆ ಹೆಚ್ಚೆಂದರೆ 15 ದಿನ ರಾತ್ರಿ 12ರವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. ಹೊರಡುವ ಹೊತ್ತನ್ನು ಇದರ ಮೇಲೆ ಗೊತ್ತು ಮಾಡಿಕೊಳ್ಳಿ.

ಪ್ರಶ್ನೆ: ಕೂರಲು ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ಒಯ್ಯಬಹುದಾ? (ಯಾದಗಿರಿ)

ಉತ್ತರ: ಮಂಡಿನೋವಿನವರಿಗೆ ಒಂದು ಒಯ್ಯಿರಿ, ಅದನ್ನು ಅಂಚಿನಲ್ಲೇ ಹಾಕಿ. ಜನ ಒಮ್ಮೆಲೇ ಎದ್ದಾಗ ಕಾಲಿಗೆ ತೊಡರುವುದು ಉರುಳಿದ ಕುರ್ಚಿಗಳೇ. ಉಳಿದವರಿಗೆ ಕೌದಿ ಸಾಕು. ಏಳುವಾಗ ಅದನ್ನೂ ಮಡಚಿ ಕಂಕುಳಲ್ಲಿ ಇಟ್ಟುಕೊಳ್ಳಿ.